ತೋಟ, ಕಚೇರಿ, ಓದು: ಮನೆಯ ಕಿರ್ದಿ ಬರೆಯುವ ಬಗೆ

ಪ್ರತಿ ಭಾನುವಾರ ಸಂಜೆ ಶಿವಮೊಗ್ಗದಿಂದ ಅಕ್ಕ ಫೋನ್ ಮಾಡಿ "ಏನೇ ಸಮಾಚಾರ?" ಎಂದು ಕೇಳುತ್ತಾಳೆ. "ಏನಿಲ್ಲ, ಎಲ್ಲ ಮಾಮೂಲು" ಎಂದು ನಾನು ಬಹಳ ಕಾಲ ಉತ್ತರಿಸುತ್ತಿದ್ದೆ. ಆ ವಾರ ತಾರಸಿಯ ಬೆಂಡೆ ಗಿಡ ಮೊದಲ ಹೂ ಬಿಟ್ಟಿರುತ್ತಿತ್ತು, ಕಚೇರಿಯಲ್ಲಿ ಮೂರು ತಿಂಗಳಿಂದ ಕಾಡಿದ್ದ ಲೆಕ್ಕವೊಂದು ಕೊನೆಗೂ ತಾಳೆಯಾಗಿರುತ್ತಿತ್ತು, ರಾತ್ರಿ ಹಾಸ್ಯ ಲೇಖನವೊಂದನ್ನು ಓದಿ ಒಬ್ಬಳೇ ನಕ್ಕಿರುತ್ತಿದ್ದೆ. ಆದರೆ ಫೋನ್ ಕಿವಿಗಿಟ್ಟ ಹೊತ್ತಿಗೆ ಇವುಗಳಲ್ಲಿ ಒಂದೂ ನೆನಪಿಗೆ ಬರುತ್ತಿರಲಿಲ್ಲ.

ನಾನು ಮೈಸೂರಿನ ಒಂದು ಖಾಸಗಿ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು. ಹಗಲೆಲ್ಲ ಪರರ ರೂಪಾಯಿ ರೂಪಾಯಿಗೂ ಜಮಾ-ಖರ್ಚು ಬರೆದಿಡುವ ನಾನು, ನನ್ನ ದಿನಗಳು ಎಲ್ಲಿ ಖರ್ಚಾದವು ಎಂಬುದಕ್ಕೆ ಒಂದು ಚೀಟಿಯನ್ನೂ ಇಟ್ಟುಕೊಂಡಿರಲಿಲ್ಲ. ದಿನಚರಿ ಬರೆಯುವ ಪ್ರಯತ್ನ ಹಿಂದೆ ಮಾಡಿರಲಿಲ್ಲವೆಂದಲ್ಲ. ಪ್ರತಿ ಜನವರಿಯಲ್ಲೂ ಆರಂಭಿಸಿ ಸಂಕ್ರಾಂತಿಯ ಎಳ್ಳು ಮುಗಿಯುವ ಮೊದಲೇ ನಿಲ್ಲಿಸಿದ್ದೆ. ನಾಲ್ಕು ವರ್ಷಗಳ ಹಿಂದೆ, ಹಳೆಯ ದಿನಸಿ ಅಂಗಡಿಗಳಲ್ಲಿ ಬಳಕೆಯಲ್ಲಿದ್ದ ಕಿರ್ದಿ ಮತ್ತು ಖಾತೆಯ ಪದ್ಧತಿಯನ್ನೇ ಮನೆಗೆ ತಂದ ಮೇಲೆ ಬರವಣಿಗೆ ನಿಂತಿಲ್ಲ. ತಾರಸಿಯ ಮೇಲೆ ಹತ್ತಿಪ್ಪತ್ತು ಕುಂಡಗಳು, ದಿನಕ್ಕೆ ಎಂಟು-ಒಂಬತ್ತು ಗಂಟೆಯ ನೌಕರಿ, ರಾತ್ರಿ ಮಲಗುವ ಮುನ್ನ ಅರ್ಧ ಗಂಟೆಯ ಓದು ಇರುವ ಯಾರಿಗಾದರೂ ಈ ಪದ್ಧತಿ ಹೊಂದುತ್ತದೆಂಬ ನಂಬಿಕೆಯಿಂದ ಅದರ ವಿವರಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಿರ್ದಿ ಮತ್ತು ಖಾತೆ

ಅಂಗಡಿಯ ಕಿರ್ದಿ ಪುಸ್ತಕದಲ್ಲಿ ಆಯಾ ದಿನದ ವ್ಯವಹಾರಗಳೆಲ್ಲ ನಡೆದ ಕ್ರಮದಲ್ಲಿ ಒಂದೇ ಕಡೆ ಬರುತ್ತವೆ. ಅಕ್ಕಿ ಮಾರಿದ್ದು, ಎಣ್ಣೆ ಕೊಂಡದ್ದು, ಹಮಾಲಿ ಕೊಟ್ಟದ್ದು ಎಲ್ಲವೂ ಒಂದರ ಕೆಳಗೊಂದು. ಖಾತೆ ಪುಸ್ತಕದಲ್ಲಾದರೋ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟವಿದ್ದು, ಕಿರ್ದಿಯಲ್ಲಿ ಚದುರಿದ್ದ ಅವನ ವ್ಯವಹಾರಗಳನ್ನು ಅಲ್ಲಿಗೆ ಇಳಿಸಿಕೊಳ್ಳುತ್ತಾರೆ. ಕಿರ್ದಿಯಿಂದ ಆ ದಿನ ಏನಾಯಿತೆಂದು ತಿಳಿಯುತ್ತದೆ. ಯಾರು ಎಷ್ಟು ಬಾಕಿ ಎಂದು ತಿಳಿಯಬೇಕಾದರೆ ಖಾತೆಯನ್ನೇ ತೆರೆಯಬೇಕು. ಸಾಮಾನ್ಯವಾಗಿ ದಿನಚರಿ ಬರೆಯುವವರು ಕಿರ್ದಿಯನ್ನಷ್ಟೇ ಬರೆದು ಖಾತೆಗೆ ಇಳಿಸುವುದಿಲ್ಲ. ಬರೆದದ್ದು ಯಾವ ಕೆಲಸಕ್ಕೂ ಬರದಿದ್ದಾಗ ಕೈ ತಾನಾಗಿಯೇ ಸೋಲುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತೋಟಕ್ಕೊಂದು, ಕಚೇರಿಗೊಂದು, ಓದಿಗೊಂದು ಎಂದು ಮೂರು ಪುಸ್ತಕಗಳನ್ನು ಇಡಬಾರದು. ಈ ಪದ್ಧತಿಗೆ ಬರುವ ಮುನ್ನ ಒಮ್ಮೆ ನಾನು ಹಾಗೆಯೇ ಮಾಡಿ ಮೂರನ್ನೂ ಕೈಬಿಟ್ಟೆ. ಮೂರೂ ಒಂದೇ ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಪಾಲು ಕೇಳುವಂಥವು. ಒಂದಕ್ಕೆ ಹೆಚ್ಚು ಕೊಟ್ಟ ದಿನ ಇನ್ನೊಂದು ಸೊರಗುತ್ತದೆ. ಆ ಸೊರಗುವಿಕೆ ಕಣ್ಣಿಗೆ ಕಾಣಬೇಕಾದರೆ ಮೂರೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇರಬೇಕು.

ಪುಸ್ತಕ, ಪೆನ್ನು, ವೇಳೆ

ಚರ್ಮದ ರಟ್ಟಿನ ಡೈರಿ ಬೇಡ. ಅದರ ಅಂದವೇ ಅಕ್ಷರವನ್ನು ಹೆದರಿಸುತ್ತದೆ; ಮಣ್ಣಿನ ಕೈಯಲ್ಲಿ ಮುಟ್ಟಲಂತೂ ಮನಸ್ಸೇ ಬಾರದು. ಶಾಲೆಯ ಮಕ್ಕಳು ಬಳಸುವ 192 ಪುಟಗಳ ಲಾಂಗ್ ಬುಕ್ ಸಾಕು. ಪುಟಕ್ಕೆ ಮೂರು ದಿನದಂತೆ ಗೆರೆ ಎಳೆದರೆ ವರ್ಷದ 365 ದಿನಗಳಿಗೆ 122 ಪುಟಗಳು ಬೇಕಾಗುತ್ತವೆ. ಉಳಿಯುವ 70 ಪುಟಗಳನ್ನು ಖಾತೆಗಾಗಿ, ಪುಸ್ತಕವನ್ನು ತಿರುಗಿಸಿ ಹಿಂಬದಿಯಿಂದ ಬರೆಯಲು ಬಳಸಬೇಕು. ಹೀಗೆ ಕಿರ್ದಿ ಮುಂದಿನಿಂದ, ಖಾತೆ ಹಿಂದಿನಿಂದ ನಡೆದು ಬಂದು ವರ್ಷದ ಕೊನೆಗೆ ನಡುವೆ ಎಲ್ಲೋ ಸಂಧಿಸುತ್ತವೆ.

ಜೆಲ್ ಪೆನ್ನಿನ ಶಾಯಿ ಒದ್ದೆ ಕೈಗೆ ಹರಡುವುದರಿಂದ ಬಾಲ್ ಪೆನ್ನನ್ನೇ ಬಳಸಿರಿ. ತಾರಸಿಯಲ್ಲಿ ಗಿಡಗಳಿಗೆ ಸಿಕ್ಕಿಸುವ ಗುರುತಿನ ಪಟ್ಟಿಗೆ ಮಾತ್ರ ಸೀಸದ ಕಡ್ಡಿಯೇ ಉತ್ತಮ. ಮಾರ್ಕರ್ ಪೆನ್ನಿನ ಬರಹವನ್ನು ಬೇಸಿಗೆಯ ಬಿಸಿಲು ಕೆಲವೇ ತಿಂಗಳುಗಳಲ್ಲಿ ಅಳಿಸಿಹಾಕುತ್ತದೆ, ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪೆನ್ಸಿಲ್ಲಿನಿಂದ ಬರೆದದ್ದು ಉಳಿಯುತ್ತದೆ. ಬೆಳಗ್ಗೆ ನೀರು ಹಾಕಿ ಬಂದ ಕೂಡಲೇ ತೋಟದ ಸಾಲು, ರಾತ್ರಿ ಪುಸ್ತಕ ಮುಚ್ಚಿದ ಮೇಲೆ ಕಚೇರಿಯ ಮತ್ತು ಓದಿನ ಸಾಲು. ಎರಡೂ ಸೇರಿ ಐದು ನಿಮಿಷ ಮೀರಬಾರದು.

ಯಾವ ದಿನ ಆರಂಭಿಸಬೇಕೆಂಬ ಪ್ರಶ್ನೆಗೆ ನನ್ನ ಉತ್ತರ, ಜನವರಿ 1 ಬೇಡವೆಂಬುದು. ತೋಟಕ್ಕೆ ಆ ದಿನ ಯಾವ ಅರ್ಥವೂ ಇಲ್ಲ. ಮಾರ್ಚ್ 31ರ ಗಲಾಟೆ ಮುಗಿದು, ಭರಣಿ ಮಳೆಗೆ ಇನ್ನೂ ಮೂರು-ನಾಲ್ಕು ವಾರಗಳಿರುವ ಏಪ್ರಿಲ್ ಆರಂಭ ನನಗೆ ಒಗ್ಗಿದೆ. ನಿಮ್ಮ ನೌಕರಿಯ ವರ್ಷ ಬೇರೆಯಿದ್ದರೆ ಅದನ್ನೇ ಅನುಸರಿಸಿರಿ.

ತೋಟದ ಸಾಲು

ಮೊದಲು ಕುಂಡಗಳಿಗೆಲ್ಲ ಸಂಖ್ಯೆ ಕೊಡಬೇಕು. "ಮೂಲೆಯ ಕುಂಡ", "ಹಳೇ ಬಕೆಟ್" ಎಂಬ ಹೆಸರುಗಳು ಆರು ತಿಂಗಳ ನಂತರ ಬರೆದವರಿಗೇ ಅರ್ಥವಾಗುವುದಿಲ್ಲ. ಕುಂಡದ ಅಂಚಿನ ಮೇಲೆ ಬಣ್ಣದಲ್ಲಿ 1, 2, 3 ಎಂದು ಬರೆದು, ಕುಂಡದ ಜಾಗ ಬದಲಾದರೂ ಸಂಖ್ಯೆಯನ್ನು ಬದಲಿಸದೆ ಇರಬೇಕು. ಬ್ಯಾಂಕಿನ ಖಾತೆ ಸಂಖ್ಯೆಯಂತೆ ಅದು ಕುಂಡದ ಜೊತೆಗೇ ಹೋಗತಕ್ಕದ್ದು.

ತೋಟದ ಸಾಲಿನಲ್ಲಿ ವಿಶೇಷಣಗಳಿಗೆ ಎಡೆಯಿಲ್ಲ. "ಗಿಡಗಳು ಚೆನ್ನಾಗಿವೆ" ಎಂಬ ವಾಕ್ಯದಿಂದ ಮುಂದಿನ ವರ್ಷ ಯಾವ ಪ್ರಯೋಜನವೂ ಆಗದು. "ಕುಂಡ 4, ಬೆಂಡೆ, ಬಿತ್ತಿದ 44ನೇ ದಿನ, ಮೊದಲ ಹೂ" ಎಂದು ಬರೆದರೆ ಅದು ಲೆಕ್ಕ. ಬಿತ್ತಿದ ದಿನಾಂಕವನ್ನು ತಪ್ಪದೆ ಬರೆಯುವುದರಿಂದ ಆಗುವ ದೊಡ್ಡ ಲಾಭ ತಾಳ್ಮೆ. ರಾತ್ರಿ ನೆನೆಸಿ ಬಿತ್ತಿದ ಮೆಂತ್ಯ ಮೂರು-ನಾಲ್ಕು ದಿನಗಳಲ್ಲಿ ಮೊಳೆತು 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಹರಿವೆ ಸೊಪ್ಪಿಗೂ ಹೆಚ್ಚುಕಡಿಮೆ ಅಷ್ಟೇ ಕಾಲ. ಆದರೆ ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳಾಗಿಸಿ ಬಿತ್ತಿದರೂ ಅದು ಮೇಲೇಳಲು ಎಂಟರಿಂದ ಹನ್ನೆರಡು ದಿನಗಳು ಬೇಕು. ಇದು ತಿಳಿಯದವರು ಆರನೇ ದಿನಕ್ಕೆ ಬೀಜ ಕೆಟ್ಟಿದೆಯೆಂದು ಮಣ್ಣನ್ನು ಕೆದಕಿ, ಮೊಳಕೆಯನ್ನು ತಾವೇ ಮುರಿದುಹಾಕುತ್ತಾರೆ. ನಾನೂ ಎರಡು ಬಾರಿ ಹಾಗೆ ಮಾಡಿದ್ದೇನೆ. ಎರಡನೆಯ ಬಾರಿಯ ತಪ್ಪು ಕಿರ್ದಿಯಲ್ಲಿ ದಾಖಲಾಗಿರುವುದರಿಂದ ಮೂರನೆಯದು ತಪ್ಪಿತು.

ಬೀಜದ ಪೊಟ್ಟಣದ ಮೇಲಿನ ತಳಿಯ ಹೆಸರನ್ನೂ ಕೊಂಡ ತಿಂಗಳನ್ನೂ ಬರೆಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ ನೇರ ತಳಿಯಾದ್ದರಿಂದ ಅದರ ಕಾಯನ್ನು ಗಿಡದಲ್ಲೇ ಒಣಗಿಸಿ ಬೀಜ ಇಟ್ಟುಕೊಳ್ಳಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಸಂಕರಣ ತಳಿಯಾದ್ದರಿಂದ ಅದರ ಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ತಾಯಿಯ ಗುಣ ಉಳಿಯುವುದಿಲ್ಲ. ಟೊಮೆಟೊ, ಬದನೆಯ ಬೀಜಗಳನ್ನು ಒಣಗಿಸಿ ತಂಪಾದ ಕಡೆ ಇಟ್ಟರೆ ಮೂರು-ನಾಲ್ಕು ವರ್ಷ ಬಾಳುತ್ತವೆ, ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ನೆಚ್ಚುವಂತಿಲ್ಲ. ತಳಿ ಮತ್ತು ತಿಂಗಳು ಬರೆದಿರದಿದ್ದರೆ ಡಬ್ಬಿಯಲ್ಲಿ ಉಳಿದ ಕರಿಯ ಬೀಜಗಳನ್ನು ನೋಡಿ ಊಹಿಸುತ್ತ ಕೂರಬೇಕಾಗುತ್ತದೆ.

ನೀರಿನ ವಿಷಯದಲ್ಲಿ "ನೀರು ಹಾಕಿದೆ" ಎಂದರೆ ಸಾಲದು. ಯಾರು, ಎಷ್ಟು ಚೊಂಬು ಎಂಬುದೂ ಬೇಕು. ನಮ್ಮ ಮನೆಯಲ್ಲಿ ನಾನು ತಡವಾಗಿ ಎದ್ದ ದಿನ ಅತ್ತೆಯವರು ನೀರು ಹಾಕುತ್ತಾರೆ. ಅವರದು ಧಾರಾಳದ ಕೈ. ಕರಿಬೇವಿಗೂ ಕೆಸುವಿಗೂ ಒಂದೇ ಪ್ರಮಾಣ. ಆದ್ದರಿಂದ ನನ್ನ ಕಿರ್ದಿಯಲ್ಲಿ "ನೀ. ಅ." ಎಂಬ ಸಂಕೇತವೊಂದಿದೆ, ಅದರ ಪೂರ್ಣರೂಪವನ್ನು ಅವರಿಗೆ ಇನ್ನೂ ಹೇಳಿಲ್ಲ. ಬೆರಳನ್ನು ಒಂದು ಅಂಗುಲ ಮಣ್ಣಿಗಿಳಿಸಿ ತೇವವಿದ್ದರೆ ಆ ದಿನ ಬಿಡುವುದು, ಒಣಗಿದ್ದರೆ ಕುಂಡದ ತಳದ ತೂತಿನಿಂದ ನೀರು ಜಿನುಗುವವರೆಗೆ ಹಾಕುವುದು ಸಾಮಾನ್ಯ ನಿಯಮ.

ಮಳೆಯನ್ನು ಅಳೆಯಲು ಯಂತ್ರವೇನೂ ಬೇಡ. ಬಾಯಿಯೂ ತಳವೂ ಒಂದೇ ಅಗಲವಿರುವ ನೇರ ಗೋಡೆಯ ಸ್ಟೀಲ್ ಡಬ್ಬಿಯೊಂದನ್ನು ತಾರಸಿಯ ಬಯಲಲ್ಲಿ ಇಟ್ಟು, ಬೆಳಗ್ಗೆ ಅದರಲ್ಲಿ ನಿಂತ ನೀರಿಗೆ ಶಾಲೆಯ ಸ್ಕೇಲನ್ನು ಇಳಿಸಿದರೆ ಮಿಲಿಮೀಟರ್ ಲೆಕ್ಕ ಸಿಗುತ್ತದೆ. ಸ್ಕೇಲಿನ ಸೊನ್ನೆ ತುದಿಯಿಂದ ಸ್ವಲ್ಪ ಮೇಲಿದ್ದರೆ ಆ ಅಂತರವನ್ನು ಸೇರಿಸಿಕೊಳ್ಳಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹನ್ನೆರಡು ಅಂಗುಲ ಬಾಯಿಯ ಕುಂಡಕ್ಕೆ 10 ಮಿಲಿಮೀಟರ್ ಮಳೆಯಿಂದ ಸಿಗುವುದು ಮುಕ್ಕಾಲು ಲೀಟರಿಗಿಂತ ಕಡಿಮೆ, ಅದರಲ್ಲೂ ಒಂದು ಪಾಲು ಎಲೆಗಳ ಮೇಲೆ ಬಿದ್ದು ಕುಂಡದ ಹೊರಗೆ ಹರಿದುಹೋಗುತ್ತದೆ. ಆದಕಾರಣ "ರಾತ್ರಿ ಮಳೆ ಬಂದಿದೆ, ನೀರು ಬೇಡ" ಎಂಬ ತೀರ್ಮಾನಕ್ಕೆ ಬರುವ ಮುನ್ನ ಡಬ್ಬಿಯನ್ನು ನೋಡುವುದು ಲೇಸು.

ದಿನಾಂಕದ ಪಕ್ಕದಲ್ಲಿ ಮಳೆ ನಕ್ಷತ್ರದ ಹೆಸರನ್ನೂ ಬರೆಯುವುದು ನನ್ನ ರೂಢಿ. ಇದು ಬರಿಯ ಹಳೆಯ ಕಾಲದ ಮೋಹವಲ್ಲ. ಸುಮಾರು ಹದಿಮೂರು-ಹದಿನಾಲ್ಕು ದಿನಗಳ ಒಂದೊಂದು ನಕ್ಷತ್ರವೂ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ದಿನಾಂಕಕ್ಕೆ ಬರುವುದರಿಂದ ವರ್ಷವರ್ಷಗಳನ್ನು ಹೋಲಿಸಲು ತಿಂಗಳಿಗಿಂತ ಚಿಕ್ಕದಾದ, ವಾರಕ್ಕಿಂತ ದೊಡ್ಡದಾದ ಅಳತೆಯೊಂದು ಸಿಕ್ಕಂತಾಗುತ್ತದೆ. ಏಪ್ರಿಲ್ ಕೊನೆಯ ಭರಣಿ, ಜೂನ್ 8ರ ಸುಮಾರಿನ ಮೃಗಶಿರಾ, ಆಗಸ್ಟ್ ನಡುವಿನ ಮಘೆ, ಅಕ್ಟೋಬರ್ ಕೊನೆಯ ಸ್ವಾತಿ ಇವೆಲ್ಲ ಪಂಚಾಂಗದಲ್ಲೂ ಗೋಡೆಯ ಕ್ಯಾಲೆಂಡರಿನಲ್ಲೂ ಸಿಗುತ್ತವೆ. "ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು" ಎಂಬ ಗಾದೆ ಹೊಲದವರಿಗೆ ಸರಿ. ಕುಂಡದ ತೂತು ಕಟ್ಟಿಕೊಂಡಿದ್ದರೆ ತಾರಸಿಯಲ್ಲಿ ಮಘೆಯೂ ಬೇರು ಕೊಳೆಸುತ್ತದೆ.

ಕೀಟಗಳ ಕುರಿತು ಬರೆಯುವಾಗ ಹೆಸರು ಗೊತ್ತಿಲ್ಲದಿದ್ದರೆ ಕಂಡದ್ದನ್ನೇ ಬರೆಯಿರಿ: "ಕುಂಡ 9 ದಾಸವಾಳದ ಚಿಗುರಿನಲ್ಲಿ ಬಿಳಿ ಹತ್ತಿಯಂಥದ್ದು". ಅದು ಹಿಟ್ಟು ತಿಗಣೆಯೆಂದು ಆಮೇಲೆ ತಿಳಿದರೂ ಆದೀತು. ಮಾಡಿದ ಉಪಚಾರ, ಅದರ ಪ್ರಮಾಣ ಮತ್ತು ಹೊತ್ತು ಮುಖ್ಯ. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲೆಂದು ಒಂದೆರಡು ಹನಿ ಸೋಪಿನ ದ್ರವ, ಸಂಜೆ ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗಕ್ಕೆ ತಾಗುವಂತೆ ಸಿಂಪಡಣೆ, ಹೀಗೆ. ಬೆಂಡೆಯ ಎಲೆಯ ನರಗಳು ಹಳದಿಯಾದರೆ ಅದು ಬಿಳಿ ನೊಣ ಹರಡುವ ನಂಜು ರೋಗ. ಸಿಂಪಡಣೆಯಿಂದ ನೊಣವನ್ನು ತಡೆಯಬಹುದೇ ಹೊರತು ರೋಗ ತಗುಲಿದ ಗಿಡ ಚೇತರಿಸಿಕೊಳ್ಳದು. ಅದನ್ನು ಕಿತ್ತು ತೆಗೆದ ದಿನಾಂಕವನ್ನೂ ನಿರ್ದಾಕ್ಷಿಣ್ಯವಾಗಿ ಬರೆಯಬೇಕು.

ಕಚೇರಿಯ ಸಾಲು

ಇದನ್ನು ಚಿಕ್ಕದಾಗಿಡಿ. ಮುಗಿದ ಕೆಲಸ ಒಂದು, ಉಳಿದ ಕೆಲಸ ಒಂದು, ಕಚೇರಿಯಿಂದ ಹೊರಟ ಗಂಟೆ. ಇಷ್ಟೇ. ಮೇಲಧಿಕಾರಿಯ ಮೇಲಿನ ಸಿಟ್ಟನ್ನು ಬರೆಯಲು ಹೊರಟರೆ ಪುಟಕ್ಕೆ ಮೂರು ದಿನ ಹಿಡಿಸುವುದಿಲ್ಲ. ಅಲ್ಲದೆ ಆ ಸಿಟ್ಟು ಒಂದು ವರ್ಷದ ನಂತರ ಓದಿದಾಗ ಬೇರೆ ಯಾರದೋ ಎಂಬಂತೆ ತೋರುತ್ತದೆ. ಸಂಸ್ಥೆಯ ಗುಟ್ಟಿನ ಅಂಕಿಗಳನ್ನಾಗಲಿ ಸಹೋದ್ಯೋಗಿಗಳ ಹೆಸರನ್ನಾಗಲಿ ಮನೆಯ ಪುಸ್ತಕದಲ್ಲಿ ಬರೆಯುವುದು ಸಲ್ಲದು.

ವರ್ಷದ ಆರಂಭದಲ್ಲೇ ಮಾಡಬೇಕಾದ ಕೆಲಸವೊಂದಿದೆ. ನಿಮ್ಮ ನೌಕರಿಯಲ್ಲಿ ಪ್ರತಿ ತಿಂಗಳು ಉಸಿರು ಕಟ್ಟಿಸುವ ದಿನಾಂಕಗಳಿಗೆ ಮುಂದಿನ ಎಲ್ಲ ಪುಟಗಳಲ್ಲೂ ಕೆಂಪು ಸುತ್ತು ಹಾಕಿಡಿ. ನಮಗೆ ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಂಡ ತೆರಿಗೆ ಕಟ್ಟುವ 7, ಜಿಎಸ್‌ಟಿಆರ್-1 ಎಂಬ ಮಾರಾಟದ ವಿವರ ಸಲ್ಲಿಸುವ 11, ಭವಿಷ್ಯನಿಧಿ ಮತ್ತು ನೌಕರರ ವಿಮೆಯಾದ ಇಎಸ್‌ಐ ಕಟ್ಟುವ 15, ಜಿಎಸ್‌ಟಿಆರ್-3ಬಿ ಎಂಬ ತಿಂಗಳ ತೆರಿಗೆ ಲೆಕ್ಕ ಸಲ್ಲಿಸುವ 20 ಕೆಂಪು ದಿನಗಳು. ಜೊತೆಗೆ ಮಾರ್ಚ್ ತಿಂಗಳ ಉತ್ತರಾರ್ಧ ಇಡಿಯಾಗಿ ಕೆಂಪು. ಶಾಲೆಯ ಶಿಕ್ಷಕರಿಗೆ ಪರೀಕ್ಷೆಯ ವಾರಗಳು, ಬ್ಯಾಂಕಿನವರಿಗೆ ತ್ರೈಮಾಸಿಕದ ಕೊನೆ, ಸಾಫ್ಟ್‌ವೇರ್ ಕೆಲಸದವರಿಗೆ ರಿಲೀಸ್ ವಾರ. ಈ ಕೆಂಪು ಸುತ್ತುಗಳ ಉಪಯೋಗ ತೋಟದಲ್ಲಿ ಕಾಣಿಸುತ್ತದೆ.

ಓದಿನ ಸಾಲು

ಇಲ್ಲಿ ನಾನು ಹೇಳುತ್ತಿರುವುದು ಪರೀಕ್ಷೆಗಾಗಿಯೋ ಪ್ರಬಂಧಕ್ಕಾಗಿಯೋ ಮಾಡುವ ಓದನ್ನಲ್ಲ. ಲಲಿತ ಪ್ರಬಂಧ, ಪತ್ತೇದಾರಿ ಕಾದಂಬರಿ, ಪ್ರವಾಸ ಕಥನ, ವಾರಪತ್ರಿಕೆಯ ಧಾರಾವಾಹಿ, ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೆಯ ದೀಪಾವಳಿ ವಿಶೇಷಾಂಕ ಇಂಥ ಹಗುರವಾದ ಓದು. ಇದನ್ನು ಬರೆದಿಡುವುದೇ ಅತಿಯಾಯಿತೆಂದು ಕೆಲವರಿಗೆ ಅನ್ನಿಸೀತು. ಆದರೆ ಹಗುರವಾದ ಓದೇ ಬೇಗ ಮರೆಯುತ್ತದೆ; ಅರ್ಧ ಓದಿದ ಮೇಲೆ ಕೊಲೆಗಾರ ಯಾರೆಂಬುದು ಮೊದಲೇ ಗೊತ್ತಿತ್ತೆಂದು ನೆನಪಾಗುವ ಪ್ರಸಂಗ ನನಗೆ ಒಂದಕ್ಕಿಂತ ಹೆಚ್ಚು ಬಾರಿ ಒದಗಿದೆ.

ಸಾಲಿನಲ್ಲಿ ಬೇಕಾದದ್ದು ಪುಸ್ತಕದ ಹೆಸರು, ಎಷ್ಟನೆಯ ಪುಟದಿಂದ ಎಷ್ಟನೆಯ ಪುಟಕ್ಕೆ, ಮತ್ತು ಮನಸ್ಸಿನಲ್ಲಿ ಉಳಿದ ಒಂದು ಸಂಗತಿ. ವಿಮರ್ಶೆ ಬೇಡ. "ಚಿಕ್ಕಪ್ಪ ಬಸ್ಸಿನಲ್ಲಿ ಹಲಸಿನ ಹಣ್ಣು ಒಯ್ಯುವ ಭಾಗ" ಎಂದಿದ್ದರೆ ಇಡೀ ಪ್ರಬಂಧ ನೆನಪಿಗೆ ಬರುತ್ತದೆ. ಓದು ನಡುವೆ ನಿಂತರೆ ನಿಂತ ಪುಟವನ್ನೂ ಕಾರಣವನ್ನೂ ಬರೆದು ಮುಂದೆ ಹೋಗಬೇಕು. ಹಗುರ ಓದಿನಲ್ಲಿ ಮುಗಿಸಲೇಬೇಕೆಂಬ ಕರಾರು ಇಲ್ಲ. ಎರವಲು ಕೊಟ್ಟ ಮತ್ತು ಪಡೆದ ಪುಸ್ತಕಗಳಿಗೆ ಖಾತೆಯ ಕಡೆ ಒಂದು ಪುಟವನ್ನು ಮೀಸಲಿಡುವುದು ಅತ್ಯಗತ್ಯ. ಕೊಟ್ಟ ಸಾಲವನ್ನು ಕೇಳಲು ಸಂಕೋಚವಾಗದ ಜನರೂ ಕೊಟ್ಟ ಪುಸ್ತಕವನ್ನು ಕೇಳಲು ಸಂಕೋಚಪಡುತ್ತಾರೆ; ದಿನಾಂಕವಿದ್ದರೆ ಬಾಯಿ ಬರುತ್ತದೆ.

ಪುಸ್ತಕಗಳನ್ನು ಕೊಳ್ಳುತ್ತಲೇ ಇರಬೇಕಾದ್ದಿಲ್ಲ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ತೆರಿಗೆಯ ರಸೀತಿಯಲ್ಲಿ ಆ ಸಾಲನ್ನು ನೋಡಿದ ಮೇಲೆ, ಲೆಕ್ಕದವಳಾದ ನನಗೆ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೋಗದಿರುವುದು ಬಾಕಿ ವಸೂಲು ಮಾಡದೆ ಬಿಟ್ಟಂತೆ ಅನ್ನಿಸತೊಡಗಿತು.

ಒಂದು ದಿನದ ಮಾದರಿ

ಕಳೆದ ವರ್ಷದ ನನ್ನ ಕಿರ್ದಿಯಿಂದ ಒಂದು ದಿನವನ್ನು ಹಾಗೆಯೇ ಎತ್ತಿ ಕೊಡುತ್ತೇನೆ.

"ಸೆಪ್ಟೆಂಬರ್ 22, ಉತ್ತರೆ. ಮಳೆ 18 ಮಿ.ಮೀ., ನೀರಿಲ್ಲ. ಕುಂಡ 11 ಮೆಂತ್ಯ ಬಿತ್ತನೆ, ಅಂಗಡಿಯ ಮೆಂತ್ಯ, ರಾತ್ರಿ ನೆನೆಸಿದ್ದು. ಕುಂಡ 6 ಹುರುಳಿಕಾಯಿಯ ಚಿಗುರಿನಲ್ಲಿ ಕಪ್ಪು ಹೇನು, ನೀರು ರಭಸವಾಗಿ ಹಾಯಿಸಿ ತೊಳೆದೆ. ಬಸವನಹುಳು 7 ಆರಿಸಿದೆ. ಕಚೇರಿ: ಮುಗಿದದ್ದು ಬ್ಯಾಂಕ್ ತಾಳೆ, ಉಳಿದದ್ದು ಗೋದಾಮಿನ ದಾಸ್ತಾನು, ಹೊರಟದ್ದು 5.50. ಓದು: ಪತ್ತೇದಾರಿ, 61–98. ಅಡುಗೆಯವನ ಮೇಲೆ ನನಗೆ ಅನುಮಾನ."

ಇಷ್ಟು ಬರೆಯಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಅಡುಗೆಯವನು ನಿರಪರಾಧಿಯೆಂದು ಎರಡು ದಿನಗಳ ನಂತರದ ಸಾಲಿನಲ್ಲಿದೆ.

ಖಾತೆಗೆ ಇಳಿಸುವುದು

ಭಾನುವಾರ ಹದಿನೈದು ನಿಮಿಷ ಕುಳಿತು ಆ ವಾರದ ಕಿರ್ದಿಯನ್ನು ಹಿಂಬದಿಯ ಖಾತೆ ಪುಟಗಳಿಗೆ ಇಳಿಸಬೇಕು. ಪ್ರತಿ ಬೆಳೆಗೆ ಒಂದು ಪುಟ: ಬಿತ್ತನೆ, ಮೊಳಕೆ, ಮೊದಲ ಹೂ, ಮೊದಲ ಕೊಯ್ಲು, ಒಟ್ಟು ಫಸಲು, ರೋಗ, ಕಿತ್ತ ದಿನ. ತೂಕಕ್ಕೆ ಅಡುಗೆಮನೆಯ ತಕ್ಕಡಿ ಇದ್ದರೆ ಗ್ರಾಂ, ಇಲ್ಲದಿದ್ದರೆ ಹಿಡಿ. ಕಚೇರಿಗೆ ತಿಂಗಳಿಗೊಂದು ಸಾಲು, ತಡವಾಗಿ ಹೊರಟ ದಿನಗಳ ಎಣಿಕೆಯೊಂದಿಗೆ. ಓದಿಗೆ ಪುಸ್ತಕಕ್ಕೊಂದು ಸಾಲು. ಕಿರ್ದಿಯಲ್ಲಿ ಇಳಿಸಿಕೊಂಡ ಸಾಲಿನ ಪಕ್ಕ ಸಣ್ಣ ಗುರುತು ಹಾಕಿದರೆ ಎರಡು ಬಾರಿ ಇಳಿಸುವ ತಪ್ಪು ಆಗದು.

ಈ ಪದ್ಧತಿಯ ನಿಜವಾದ ಬೆಲೆ ನನಗೆ ಗೊತ್ತಾದದ್ದು ಟೊಮೆಟೊ ಖಾತೆಯಿಂದ. ಮೊದಲ ವರ್ಷ ಡಿಸೆಂಬರ್ ನಡುವಿನಲ್ಲಿ ನಾಲ್ಕು ಸಸಿಗಳನ್ನು ನಾಟಿ ಮಾಡಿದ್ದೆ. ಫೆಬ್ರವರಿ ಕೊನೆಗೆ ಹಣ್ಣು ಬರತೊಡಗಿತು, ಮೊದಲ ಹತ್ತು ದಿನ ಕೆಂಪಗೆ ಗುಂಡಗೆ ಇದ್ದವು. ಏಪ್ರಿಲ್ ಮೊದಲ ವಾರ ನೋಡಿದರೆ ಕಾಯಿಗಳ ತಳವೆಲ್ಲ ಕಪ್ಪಾಗಿ ಚರ್ಮದಂತೆ ಒಣಗಿತ್ತು. ರೋಗವೆಂದು ಬಗೆದು ಬೇವಿನ ಎಣ್ಣೆ ಹೊಡೆದೆ, ಯಾರೋ ಹೇಳಿದರೆಂದು ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ ಹಾಕಿದೆ, ಯಾವುದೂ ನಾಟಲಿಲ್ಲ. ಖಾತೆಗೆ ಇಳಿಸುವಾಗ ಕಿರ್ದಿಯ ಮಾರ್ಚ್ ಪುಟಗಳನ್ನು ತಿರುವಿದೆ. 21ರಿಂದ 30ರವರೆಗೆ ಕಚೇರಿಯಿಂದ ಹೊರಟ ಗಂಟೆ 8.40, 9.15, 9.30 ಎಂದಿತ್ತು. ಅದೇ ಸಾಲುಗಳ ಎಡಗಡೆ ನೀರಿನ ಲೆಕ್ಕ ಖಾಲಿ, ಖಾಲಿ, "ನೀ. ಅ.", ಖಾಲಿ ಎಂದಿತ್ತು. ಬಲಗಡೆ ಓದಿನ ಜಾಗದಲ್ಲಿ ಹತ್ತು ದಿನಗಳಿಗೆ ಒಟ್ಟು ಆರು ಪುಟ.

ಟೊಮೆಟೊ ಕಾಯಿಯ ತಳ ಕಪ್ಪಾಗುವುದಕ್ಕೆ ಶಿಲೀಂಧ್ರವಾಗಲಿ ಕೀಟವಾಗಲಿ ಕಾರಣವಲ್ಲ. ಬೆಳೆಯುತ್ತಿರುವ ಕಾಯಿಗೆ ಸುಣ್ಣದ ಅಂಶ ಸಾಲದೆ ಹೋದಾಗ ಹಾಗಾಗುತ್ತದೆ. ಸುಣ್ಣದ ಅಂಶ ಬೇರಿನಿಂದ ಮೇಲೇರುವುದು ನೀರಿನ ಜೊತೆಯಲ್ಲಿ. ಆದ್ದರಿಂದ ಮಣ್ಣಿನಲ್ಲಿ ಅದು ಸಾಕಷ್ಟಿದ್ದರೂ ಒಂದು ದಿನ ಬರ, ಒಂದು ದಿನ ನೆರೆ ಎಂಬಂತೆ ನೀರು ಹಾಕಿದರೆ ಕಾಯಿಗೆ ತಲುಪುವುದಿಲ್ಲ. ಮೊಟ್ಟೆಯ ಚಿಪ್ಪು ಮಣ್ಣಿನಲ್ಲಿ ಕರಗಲು ತಿಂಗಳುಗಳೇ ಬೇಕಾದ್ದರಿಂದ ಆ ಬೆಳೆಗೆ ಅದು ಉಪಯೋಗಕ್ಕೆ ಬರಲಿಲ್ಲ. ನನ್ನ ಟೊಮೆಟೊ ಕೆಟ್ಟದ್ದು ತಾರಸಿಯಲ್ಲಲ್ಲ, ಕಚೇರಿಯಲ್ಲಿ. ಮೂರು ಬೇರೆ ಬೇರೆ ಪುಸ್ತಕಗಳಿದ್ದಿದ್ದರೆ ಇದು ಎಂದೂ ತಿಳಿಯುತ್ತಿರಲಿಲ್ಲ.

ಮುಂದಿನ ವರ್ಷ ಹಸ್ತ ಮಳೆ ಮುಗಿಯುವ ಅಕ್ಟೋಬರ್ 10ರ ಸುಮಾರಿಗೆ ಟ್ರೇಯಲ್ಲಿ ಬೀಜ ಹಾಕಿ, ಸ್ವಾತಿ ಕಳೆದ ನವೆಂಬರ್ ಮೊದಲ ವಾರದ ಕೊನೆಗೆ ನಾಟಿ ಮಾಡಿದೆ. ಇನ್ನೂ ಮುಂಚೆ ನಾಟಿ ಮಾಡಿದರೆ ಅಕ್ಟೋಬರ್ ಮಳೆಗೆ ಎಲೆಯ ಅಂಗಮಾರಿ ಬರುವ ಭಯ. ಜನವರಿ ನಡುವಿನಿಂದ ಮಾರ್ಚ್ ಆರಂಭದವರೆಗೆ ಹಣ್ಣು ಕೊಯ್ದು, ಕೆಂಪು ದಿನಗಳು ಬರುವ ಮೊದಲೇ ಗಿಡಗಳನ್ನು ಕಿತ್ತೆ. ಈಗ ಮಾರ್ಚ್ ಉತ್ತರಾರ್ಧದಲ್ಲಿ ತಾರಸಿಯಲ್ಲಿರುವುದು ದೊಡ್ಡಪತ್ರೆ, ಲೋಳೆಸರ, ಕರಿಬೇವು, ಡ್ರಮ್ಮಿನಲ್ಲಿ ಬೆಳೆದ ನುಗ್ಗೆ, ಅಂದರೆ ಒಂದೆರಡು ದಿನ ಮರೆತರೂ ಮುನಿಸಿಕೊಳ್ಳದಂಥವು ಮಾತ್ರ. ಅವುಗಳ ಬುಡಕ್ಕೂ ಎರಡು ಅಂಗುಲ ಒಣ ಎಲೆಯ ಹೊದಿಕೆ ಹಾಕಿರುತ್ತೇನೆ.

ಅದೇ ರೀತಿ ಸೊಪ್ಪಿನ ಖಾತೆ ಕಲಿಸಿದ ಪಾಠವೊಂದಿದೆ. ಮೆಂತ್ಯ, ಹರಿವೆಗಳಿಗೆ ನಾಜೂಕಾದ ಕಾಲ ಮೊದಲ ವಾರ. ಮೇಲ್ಮಣ್ಣು ಒಣಗದಂತೆ ದಿನಕ್ಕೆ ಎರಡು ಬಾರಿ ನೀರು ಚಿಮುಕಿಸಬೇಕು. ಆದ್ದರಿಂದ 20ನೇ ತಾರೀಖು ದಾಟಿದ ಮೇಲೆಯೇ ಬಿತ್ತುತ್ತೇನೆ. ಮುಂದಿನ ತಿಂಗಳ 7, 11, 15 ಬರುವ ಹೊತ್ತಿಗೆ ಸೊಪ್ಪು ತನ್ನ ಕಾಲಮೇಲೆ ನಿಂತಿರುತ್ತದೆ.

ಓದಿನ ಖಾತೆಯೂ ತನ್ನದೇ ಗುಟ್ಟನ್ನು ಬಿಟ್ಟುಕೊಟ್ಟಿತು. ಮೈಸೂರಿನಲ್ಲಿ ಮೇ ತಿಂಗಳಲ್ಲೂ ಸೆಪ್ಟೆಂಬರ್–ಅಕ್ಟೋಬರಿನಲ್ಲೂ ಸಂಜೆಯ ಮಳೆ ಜೋರು. ಆಗ ತೋಟದ ಕೆಲಸ ತಾನಾಗಿ ತಪ್ಪುವುದರಿಂದ ಪುಟಗಳ ಸಂಖ್ಯೆ ಏರುತ್ತದೆ. ದಪ್ಪ ಕಾದಂಬರಿಗಳನ್ನು ಆ ದಿನಗಳಿಗೆ ಎತ್ತಿಡುವುದು ಜಾಣತನ. ಕೆಂಪು ದಿನಗಳ ರಾತ್ರಿ ಕಾದಂಬರಿ ಹಿಡಿದರೆ ಮೂರು ಪುಟಕ್ಕೆ ನಿದ್ದೆ, ಮರುದಿನ ಅದೇ ಮೂರು ಪುಟ ಮತ್ತೆ. ಅಂಥ ರಾತ್ರಿಗಳಿಗೆ ನಾಲ್ಕೈದು ಪುಟಗಳಲ್ಲಿ ಮುಗಿಯುವ ಹಾಸ್ಯ ಲೇಖನಗಳ ಸಂಕಲನವೊಂದನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ.

ಬರೆಯದೆ ಬಿಟ್ಟ ದಿನಗಳು

ಬಿಡದೆ ಬರೆಯಲು ಯಾರಿಂದಲೂ ಆಗದು. ಊರಿಗೆ ಹೋದಾಗ, ಜ್ವರ ಬಂದಾಗ, ಮದುವೆಮನೆಯಲ್ಲಿ ಸಾಲು ತಪ್ಪುತ್ತದೆ. ಆಗ ನೆನಪಿನಿಂದ ಹಿಂದಿನ ದಿನಗಳನ್ನು ತುಂಬಿಸಲು ಹೋಗಬೇಡಿ. ಲೆಕ್ಕದಲ್ಲಿ ಹಿಂದಿನ ತಾರೀಖು ಹಾಕಿ ಬರೆದ ಚೀಟಿಗೆ ಎಷ್ಟು ಬೆಲೆಯೋ ಅದಕ್ಕೂ ಅಷ್ಟೇ. ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು "ಬರೆದಿಲ್ಲ" ಎಂದು ಬರೆದು ಆ ದಿನದಿಂದ ಮುಂದುವರಿಸಿ. ತಪ್ಪಾಗಿ ಬರೆದದ್ದನ್ನು ಅಳಿಸದೆ, ಒಂದು ಗೆರೆ ಹೊಡೆದು ಮೇಲೆ ಸರಿಯಾದದ್ದನ್ನು ಬರೆಯಿರಿ.

ಅಕ್ಕನಿಗೆ ಹೇಳುವ ಸಮಾಚಾರ

ಖಾತೆಗೆ ಇಳಿಸಿದ ಭಾನುವಾರವೇ ಅಕ್ಕನ ಫೋನ್ ಬರುವುದರಿಂದ ನನಗೆ ಅನುಕೂಲ. ವಾರದ ಇಪ್ಪತ್ತೊಂದು ಸಾಲುಗಳಲ್ಲಿ ಮೂರನ್ನು ಮಾತ್ರ ಆರಿಸುತ್ತೇನೆ, ತೋಟದಿಂದ ಒಂದು, ಕೆಲಸದಿಂದ ಒಂದು, ಓದಿನಿಂದ ಒಂದು. ಎಲ್ಲವನ್ನೂ ಓದಿ ಒಪ್ಪಿಸಿದರೆ ಕೇಳುವವರಿಗೆ ಆಡಿಟ್ ವರದಿ ಕೇಳಿದಂತಾಗುತ್ತದೆ. ತೋಟದ ಸಂಗತಿಯಲ್ಲಿ ಗೆದ್ದದ್ದಕ್ಕಿಂತ ಸೋತದ್ದನ್ನು ಹೇಳಿದರೆ ಮಾತು ಬೆಳೆಯುತ್ತದೆ, ಏಕೆಂದರೆ ಶಿವಮೊಗ್ಗದ ಹಿತ್ತಿಲಿನಲ್ಲಿ ಅದಕ್ಕೊಂದು ಮದ್ದು ಇದ್ದೇ ಇರುತ್ತದೆ. ಕೆಲಸದ ಸಂಗತಿ ಒಂದು ವಾಕ್ಯಕ್ಕೆ ಮುಗಿಯಬೇಕು. ಓದಿನದನ್ನು ಹೇಳುವಾಗ ಕಥೆಯ ಕೊನೆಯನ್ನು ಮುಚ್ಚಿಟ್ಟರೆ ಅವಳು ಪುಸ್ತಕವನ್ನು ಕೇಳುತ್ತಾಳೆ, ಎರವಲಿನ ಪುಟದಲ್ಲಿ ಇನ್ನೊಂದು ಸಾಲು ಸೇರುತ್ತದೆ. ಪ್ರತಿಯಾಗಿ ಅವಳು ಹೇಳಿದ ಸಮಾಚಾರವನ್ನೂ ಕಿರ್ದಿಯ ಅಂಚಿನಲ್ಲಿ ಎರಡು ಪದಗಳಲ್ಲಿ ಗುರುತು ಮಾಡಿಕೊಂಡರೆ, ಮುಂದಿನ ವಾರ "ನಿನ್ನ ಕಾಳುಮೆಣಸಿನ ಬಳ್ಳಿ ಚಿಗುರಿತೆ?" ಎಂದು ನಾವೇ ಮೊದಲು ಕೇಳಬಹುದು.

ಪುಸ್ತಕ ಮುಗಿದಾಗ

ವರ್ಷದ ಕೊನೆಗೆ ಖಾತೆಗಳನ್ನೆಲ್ಲ ಮುಗಿಸಿ ಶಿಲ್ಕನ್ನು, ಅಂದರೆ ಕೊನೆಗೆ ಉಳಿದದ್ದನ್ನು, ಹೊಸ ಪುಸ್ತಕದ ಮೊದಲ ಪುಟಕ್ಕೆ ಒಯ್ಯಬೇಕು. ಜೀವಂತವಾಗಿರುವ ಕುಂಡಗಳು, ಡಬ್ಬಿಯಲ್ಲಿ ಉಳಿದ ಬೀಜಗಳು, ಓದಿ ಮುಗಿಸದ ಪುಸ್ತಕಗಳು, ಹಿಂದಿರುಗಬೇಕಾದ ಪುಸ್ತಕಗಳು ಇವೇ ಶಿಲ್ಕು. ಕಚೇರಿಯದು ಏನನ್ನೂ ಒಯ್ಯಬೇಕಾಗಿಲ್ಲ. ಅದು ತಾನಾಗಿಯೇ ಬರುತ್ತದೆ. ಹಳೆಯ ಪುಸ್ತಕವನ್ನು ರದ್ದಿಗೆ ಹಾಕದೆ ಕೈಗೆ ಸಿಗುವಲ್ಲಿ ಇಡಿ. ಬಿತ್ತನೆಗೆ ಮುನ್ನ ಹಿಂದಿನ ಎರಡು ವರ್ಷಗಳ ಅದೇ ನಕ್ಷತ್ರದ ಪುಟವನ್ನು ತೆರೆದು ನೋಡಬೇಕಾಗುತ್ತದೆ.

ಈ ಏಪ್ರಿಲ್‌ನಲ್ಲಿ ತೆರೆದ ನನ್ನ ಪುಸ್ತಕದ ಮೊದಲ ಪುಟದಲ್ಲಿ ಹೀಗಿದೆ: "ಹಿಂದಿನಿಂದ ಬಂದದ್ದು: ಕುಂಡ 1 ಕರಿಬೇವು, ಕುಂಡ 2 ದೊಡ್ಡಪತ್ರೆ, ಕುಂಡ 9 ದಾಸವಾಳ (ಹಿಟ್ಟು ತಿಗಣೆಯ ಸಮೇತ), ಡ್ರಮ್ ನುಗ್ಗೆ. ಬೆಂಡೆ ಬೀಜ ಒಂದು ಹಿಡಿ, ಸ್ವಂತದ್ದು. ಪ್ರವಾಸ ಕಥನ 112ನೇ ಪುಟಕ್ಕೆ ನಿಂತಿದೆ. ಅಕ್ಕನ ಬಳಿ ನನ್ನ ಪತ್ತೇದಾರಿ ಕಾದಂಬರಿಗಳು ಮೂರು. ನನ್ನ ಬಳಿ ಅಕ್ಕನ ಕುಡುಗೋಲು ಒಂದು."